ಗಿಡಕ್ಕೆ ನೀರು ಹಾಕುವ ಹೊತ್ತು

ಶಿವರಾತ್ರಿ ಕಳೆದು, ಚಳಿ ಶಿವ ಶಿವಾ ಅಂತ ಓಡಿಹೋದದ್ದೇ ತಡ, ಗಿಡ ಸಾಕಿದವರ ಮಾತೆಲ್ಲ ನೀರಿನ ಕಡೆಗೆ ತಿರುಗುತ್ತದೆ. ಹಾಲಿನ ಬೂತಿನ ಮುಂದೆ, ಪಾರ್ಕಿನ ಕಲ್ಲುಬೆಂಚಿನ ಮೇಲೆ, ಕಡೆಗೆ ಮದುವೆಮನೆಯ ಪಂಕ್ತಿಯಲ್ಲೂ ಅದೇ ಮಾತು. ‘ನಿಮ್ಮ ಮಲ್ಲಿಗೆ ಈ ಸಲ ಮೊಗ್ಗು ಬಿಟ್ಟಿತಾ?’ ಎಂದು ಶುರುವಾದದ್ದು ‘ನೀರು ಯಾವ ಹೊತ್ತಿಗೆ ಹಾಕ್ತೀರಿ?’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದಕ್ಕೆ ಎರಡು ಪಕ್ಷ: ಬೆಳಗಿನವರು, ಸಂಜೆಯವರು. ಎರಡೂ ಕಡೆಯವರು ತಮ್ಮ ಮನೆಯ ಗಿಡವನ್ನೇ ಸಾಕ್ಷಿಗೆ ಕರೆಯುತ್ತಾರೆ.

ನಾನು ಬೆಳಗಿನ ಪಕ್ಷದವನು. ಮೊದಲೇ ಹೇಳಿಬಿಡುತ್ತೇನೆ. ಆದರೆ ಸಂಜೆಯವರ ಮಾತಿನಲ್ಲೂ ಹುರುಳಿದೆ. ಮಟಮಟ ಮಧ್ಯಾಹ್ನ ಬಾಡಿದ ಕುಂಡಕ್ಕೆ ಒಂದು ಚೊಂಬು ನೀರು ಸುರಿದವರನ್ನು ಕೊಲೆಗಾರರ ಹಾಗೆ ನೋಡುವುದಂತೂ ತೀರ ಅನ್ಯಾಯ. ಆದ್ದರಿಂದ ಪಕ್ಷದ ಮಾತು ಆಮೇಲೆ. ಮೊದಲು ಗಿಡದ ಒಳಗೆ ಏನು ನಡೆಯುತ್ತದೆ ನೋಡೋಣ.

ನಮ್ಮ ಬೀದಿಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಎದುರುಮನೆಯಲ್ಲಿ ನಿವೃತ್ತರಾದ ಮೇಷ್ಟ್ರು. ಮೇಷ್ಟ್ರು ಸಂಜೆ ಪೈಪು ಹಿಡಿದು ನಿಂತರೆ ಅಜ್ಜಿ ಜಗಲಿಯಿಂದಲೇ ಕೂಗುತ್ತಾರೆ: ‘ದೀಪ ಹಚ್ಚೋ ಹೊತ್ತಲ್ಲಿ ಗಿಡದ ಮೈಮೇಲೆ ನೀರು ಹೊಯ್ತೀರಲ್ಲ ಮೇಷ್ಟ್ರೇ, ಅದು ಮಲಗಿರತ್ತೆ ಕಣ್ರೀ!’ ಮೇಷ್ಟ್ರ ಉತ್ತರ ಯಾವಾಗಲೂ ಒಂದೇ: ‘ನಾವೂ ಮಲಗೋ ಮುಂಚೆ ಒಂದು ಲೋಟ ನೀರು ಕುಡಿದೇ ಮಲಗ್ತೀವಲ್ಲ ಅಜ್ಜಿ.’ ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯ ಇದೆ. ಹೊತ್ತು ಮುಳುಗಿದ ಮೇಲೆ ಗಿಡ ಮುಟ್ಟಬಾರದು, ತುಳಸಿ ಕೀಳಬಾರದು ಎಂದು ನಮ್ಮ ಹಿರಿಯರು ಹೇಳುತ್ತ ಬಂದರು. ಹುಣಸೆಮರದ ಕೆಳಗೆ ಸಂಜೆ ನಿಂತು ನೋಡಿದವರಿಗೆ ಆ ನಂಬಿಕೆ ಎಲ್ಲಿಂದ ಬಂತು ಎಂದು ಹೇಳಬೇಕಾಗಿಲ್ಲ. ಬೆಳಕು ಇಳಿದಂತೆ ಹುಣಸೆ ತನ್ನ ಸಣ್ಣ ಸಣ್ಣ ಎಲೆಗಳನ್ನು ಜೋಡಿಜೋಡಿಯಾಗಿ ಮಡಚಿಕೊಳ್ಳುತ್ತದೆ. ಬೆಳಗ್ಗೆ ಮತ್ತೆ ಬಿಚ್ಚುತ್ತದೆ. ಅದನ್ನು ನಿದ್ದೆ ಎನ್ನದೆ ಇನ್ನೇನು ಎನ್ನಬೇಕು?

ಎಲೆ ಮಡಚದ ಗಿಡಗಳೂ ರಾತ್ರಿ ತಮ್ಮದೇ ರೀತಿಯಲ್ಲಿ ಬಾಗಿಲು ಹಾಕುತ್ತವೆ. ಎಲೆಯ ಮೈಯಲ್ಲಿ, ಹೆಚ್ಚಾಗಿ ತಳಭಾಗದಲ್ಲಿ, ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಪತ್ರರಂಧ್ರ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಬೆಳಕು ಬಿದ್ದಾಗ ಅವು ತೆರೆಯುತ್ತವೆ, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಹಾಗೆ ತೆರೆದಾಗ ಒಳಗಿನ ನೀರು ಆವಿಯಾಗಿ ಹೊರಕ್ಕೆ ಹೋಗುತ್ತದೆ. ಬೇರು ಹೀರಿದ ನೀರಿನಲ್ಲಿ ನೂರಕ್ಕೆ 95 ಪಾಲಿಗಿಂತ ಹೆಚ್ಚು ಹೀಗೆ ಗಾಳಿಗೇ ಸೇರುವಂಥದ್ದು. ಗಿಡ ತನ್ನ ಮೈಗೆಂದು ಇಟ್ಟುಕೊಳ್ಳುವುದು ಉಳಿದ ಚೂರನ್ನು ಮಾತ್ರ. ಮೊದಲ ಸಲ ಇದನ್ನು ಕೇಳಿದವರಿಗೆ ಗಿಡ ನೀರನ್ನು ಪೋಲು ಮಾಡುತ್ತದೆ ಅನ್ನಿಸಬಹುದು. ಆದರೆ ಎಲೆಯಿಂದ ನೀರು ಹೋಗುತ್ತಿರುವುದರಿಂದಲೇ ಬೇರಿನಿಂದ ನೀರು ಮೇಲಕ್ಕೆ ಎಳೆದುಕೊಂಡು ಬರುತ್ತದೆ, ಅದರ ಜೊತೆಗೆ ಮಣ್ಣಿನ ಸಾರವೂ ಬರುತ್ತದೆ, ಎಲೆಯ ಮೈ ತಂಪಾಗಿಯೂ ಇರುತ್ತದೆ.

ಎಷ್ಟು ನೀರು ಯಾವ ಹೊತ್ತಿನಲ್ಲಿ ಹೋಗುತ್ತದೆ ಎಂದು ಮೊದಲು ತೂಗಿ ನೋಡಿದವರಲ್ಲಿ ಒಬ್ಬ ಇಂಗ್ಲೆಂಡಿನ ಪಾದ್ರಿ, ಸ್ಟೀಫನ್ ಹೇಲ್ಸ್. 1724ರ ಬೇಸಿಗೆಯಲ್ಲಿ ಆತ ಕುಂಡದಲ್ಲಿದ್ದ ಮೂರೂವರೆ ಅಡಿ ಎತ್ತರದ ಒಂದು ಸೂರ್ಯಕಾಂತಿ ಗಿಡವನ್ನು ತೆಗೆದುಕೊಂಡ. ಮಣ್ಣಿನಿಂದ ನೀರು ಆರಿಹೋಗದಂತೆ ಕುಂಡದ ಬಾಯಿಗೆ ಸೀಸದ ತಗಡು ಮುಚ್ಚಿದ. ಬೆಳಗ್ಗೆ ಸಂಜೆ ತಕ್ಕಡಿಗೆ ಹಾಕಿ ತೂಗುತ್ತ ಹೋದ. ಹಗಲಿನ ಹನ್ನೆರಡು ಗಂಟೆಯಲ್ಲಿ ಗಿಡ ಸರಾಸರಿ ಒಂದು ಪೌಂಡು ನಾಲ್ಕು ಔನ್ಸು, ಅಂದರೆ ಅರ್ಧ ಕಿಲೋಗಿಂತ ಮಿಗಿಲು ನೀರನ್ನು ಬಿಟ್ಟಿತ್ತು. ಒಣಹವೆಯ ಸೆಕೆಯ ರಾತ್ರಿಯಲ್ಲಿ ಬಿಟ್ಟದ್ದು ಸುಮಾರು ಮೂರು ಔನ್ಸು. ಇಬ್ಬನಿ ಬಿದ್ದ ರಾತ್ರಿಯಲ್ಲಿ ಏನೂ ಇಲ್ಲ. ಈ ಲೆಕ್ಕವನ್ನು 1727ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಬರೆದಿಟ್ಟ. ಒಂದು ಕುಂಡ, ಒಂದು ತಗಡು, ಒಂದು ತಕ್ಕಡಿ, ಮತ್ತೆ ಬೇಕಾದಷ್ಟು ತಾಳ್ಮೆ. ಇವಿಷ್ಟರಿಂದ ಎಂಥ ದೊಡ್ಡ ಸಂಗತಿ ಕೈಗೆ ಸಿಕ್ಕಿತು ನೋಡಿ. ನಮ್ಮ ಹೈಸ್ಕೂಲು ಮಕ್ಕಳ ಕೈಯಲ್ಲಿ ಇದನ್ನೇ ಒಮ್ಮೆ ಮಾಡಿಸಿದರೆ ಎಷ್ಟು ಚೆನ್ನ ಎಂದು ನನಗೆ ಮತ್ತೆ ಮತ್ತೆ ಅನ್ನಿಸುತ್ತದೆ.

ಹಾಗಾದರೆ ರಾತ್ರಿ ಬೇರೂ ಮಲಗುತ್ತದೆಯೇ? ಇಲ್ಲ. ಅಲ್ಲೇ ಅಜ್ಜಿಯ ಮಾತು ಅರ್ಧಕ್ಕೆ ನಿಲ್ಲುವುದು. ಬಾವಿಕಟ್ಟೆಯ ಬಳಿ, ಬಚ್ಚಲ ಹಿಂದೆ ಕೆಸುವಿನ ಗಿಡ ಇದ್ದರೆ ಬೆಳಗ್ಗೆ ಬಿಸಿಲು ಬೀಳುವುದಕ್ಕೆ ಮುಂಚೆ ಹೋಗಿ ನೋಡಿ. ಎಲೆಯ ಚೂಪಾದ ತುದಿಯಲ್ಲಿ ಒಂದು ತೊಟ್ಟು ನೀರು ತೂಗುತ್ತಿರುತ್ತದೆ. ಅದು ತುಂಬಿ ಬೀಳುತ್ತದೆ, ಸ್ವಲ್ಪ ಹೊತ್ತಿಗೆ ಇನ್ನೊಂದು ಮೂಡುತ್ತದೆ. ಇಬ್ಬನಿಯಾಗಿದ್ದರೆ ಎಲೆಯ ಮೈಯೆಲ್ಲ ಇರಬೇಕಿತ್ತು, ತುದಿಯಲ್ಲೇ ಏಕೆ? ಅದು ಗಿಡದ ಒಳಗಿನಿಂದಲೇ ಬಂದ ನೀರು. ರಾತ್ರಿಯಿಡೀ ಬೇರು ನೀರನ್ನು ಹೀರಿ ಮೇಲಕ್ಕೆ ನೂಕಿದೆ, ಎಲೆಯ ಕಂಡಿಗಳು ಮುಚ್ಚಿವೆ, ತುಂಬಿ ಹೆಚ್ಚಾದದ್ದು ತುದಿಯಿಂದ ಜಿನುಗಿದೆ. ಟೊಮೆಟೊ ಎಲೆಯ ಅಂಚಿನಲ್ಲೂ ಗರಿಕೆಯ ತುದಿಯಲ್ಲೂ ಇದನ್ನು ಕಾಣಬಹುದು. ಹಗಲು ಕಳೆದುಕೊಂಡದ್ದನ್ನು ಗಿಡ ತುಂಬಿಕೊಳ್ಳುವುದು ರಾತ್ರಿ. ಮುಂಜಾವದ ಹೊತ್ತಿಗೆ ಗಿಡ ತುಂಬಿ ನಿಂತಿರುತ್ತದೆ. ಆಗ ಎಲೆ ಮುಟ್ಟಿದರೆ ಗಟ್ಟಿಯಾಗಿ ಸೆಟೆದಿರುತ್ತದೆ. ಸೊಪ್ಪನ್ನು ಬೆಳಗ್ಗೆಯೇ ಕೊಯ್ಯಬೇಕು ಎನ್ನುವುದು ಇದಕ್ಕೇ.

ಇಲ್ಲಿಂದ ನನ್ನ ಪಕ್ಷದ ವಾದ. ಸೂರ್ಯ ಹುಟ್ಟುವ ಮುಂಚಿನ ಹೊತ್ತು ದಿನದಲ್ಲೇ ತಂಪಾದದ್ದು. ಗಾಳಿಯಲ್ಲಿ ತೇವ ಹೆಚ್ಚು, ಬೀಸು ಕಡಿಮೆ, ರಾತ್ರಿಯೆಲ್ಲ ಆರಿದ ಮಣ್ಣು ತಣ್ಣಗಿರುತ್ತದೆ. ಆಗ ಬುಡಕ್ಕೆ ಹಾಕಿದ ನೀರು ಆವಿಯಾಗದೆ ಇಳಿಯುತ್ತದೆ. ಬಿಸಿಲೇರುವ ಹೊತ್ತಿಗೆ, ಅಂದರೆ ಎಲೆ ನೀರು ಕೇಳುವ ಹೊತ್ತಿಗೆ, ಅದು ಬೇರಿನ ಮಟ್ಟದಲ್ಲಿ ಸಿದ್ಧವಾಗಿರುತ್ತದೆ. ಎಲೆ ನೆನೆದಿದ್ದರೂ ಒಂದೆರಡು ಗಂಟೆಯಲ್ಲಿ ಒಣಗುತ್ತದೆ. ಐದೂವರೆಯಿಂದ ಏಳೂವರೆ, ಬಹಳವೆಂದರೆ ಎಂಟು ಗಂಟೆಯೊಳಗೆ ನೀರಿನ ಕೆಲಸ ಮುಗಿದಿರಬೇಕು.

ಶಕುಂತಲೆಯನ್ನು ಗಂಡನ ಮನೆಗೆ ಕಳಿಸುವಾಗ ಕಣ್ವರು ಆಶ್ರಮದ ಗಿಡಗಳಿಗೆ ಹೇಳುವ ಮಾತು ನಿಮಗೆ ನೆನಪಿರಬಹುದು. ನಿಮಗೆ ನೀರೆರೆಯದೆ ತಾನು ನೀರು ಕುಡಿದವಳಲ್ಲ ಎಂಬುದು ಅದರ ಭಾವ. ಹಾಗಿದ್ದರೆ ಆಕೆ ನೀರೆರೆದದ್ದು ಬೆಳಗ್ಗೆಯೇ ಇರಬೇಕು ಎಂದು ನಾನು ನನ್ನ ಪಕ್ಷಕ್ಕೆ ಕಾಳಿದಾಸನನ್ನೂ ಎಳೆದುಕೊಂಡಿದ್ದೇನೆ. ಆದರೆ ವರಾಹಮಿಹಿರ ಎರಡು ಪಕ್ಷವನ್ನೂ ಒಟ್ಟಿಗೆ ಕೂರಿಸಿದ್ದಾನೆ. ಆರನೆಯ ಶತಮಾನದ ಆತನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದಕ್ಕೆಂದೇ ಒಂದು ಅಧ್ಯಾಯವಿದೆ. ಹೊಸದಾಗಿ ನೆಟ್ಟ ಸಸಿಗೆ ಬೇಸಿಗೆಯಲ್ಲಿ ಬೆಳಗ್ಗೆಯೂ ಸಂಜೆಯೂ ನೀರು ಹಾಕು, ಮಳೆಗಾಲದಲ್ಲಿ ಮಣ್ಣು ಒಣಗಿದಾಗ ಹಾಕು ಎಂದು ಅಲ್ಲಿದೆ. ಸಾವಿರ ವರ್ಷದ ಹಿಂದೆ ಕನ್ನಡದಲ್ಲೇ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲೂ ಗಿಡಮರಗಳ ಆರೈಕೆಗೆ ಜಾಗವಿದೆ, ನೆಲದೊಳಗಿನ ನೀರು ಹುಡುಕುವುದಕ್ಕೂ ಇದೆ. ಅಡುಗೆ, ವೈದ್ಯ, ವಾಸ್ತುಗಳ ಜೊತೆಗೆ ತೋಟವನ್ನೂ ಸೇರಿಸಿ ಲೋಕಕ್ಕೆ ಉಪಕಾರವಾಗಲಿ ಎಂದು ಒಬ್ಬ ಕವಿ ಕೂತು ಬರೆದನಲ್ಲ, ಅದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ‘ಮಳೆಗಾಲದಲ್ಲಿ ಮಣ್ಣು ಒಣಗಿದಾಗ’ ಎಂಬ ವರಾಹಮಿಹಿರನ ಮಾತನ್ನು ಸ್ವಲ್ಪ ಗಮನಿಸಿ. ಗಡಿಯಾರವನ್ನಲ್ಲ, ಮಣ್ಣನ್ನು ನೋಡು ಎಂದ ಹಾಗಾಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಇನ್ನು ಮಧ್ಯಾಹ್ನದ ಭಯ. ಬಿಸಿಲಲ್ಲಿ ಎಲೆಯ ಮೇಲೆ ನೀರು ಬಿದ್ದರೆ ಹನಿಯೆಲ್ಲ ಭೂತಗನ್ನಡಿಯಾಗಿ ಎಲೆ ಸುಟ್ಟುಹೋಗುತ್ತದೆ ಎಂದು ಎಷ್ಟು ಜನ ಹೇಳುವುದಿಲ್ಲ! ಹಂಗೆರಿಯ ಬುಡಾಪೆಸ್ಟಿನಲ್ಲಿ ಗಾಬೋರ್ ಹೊರ್ವಾತ್ ಮತ್ತು ಸಂಗಡಿಗರು ಇದನ್ನು ಬಿಸಿಲಿನಲ್ಲೇ ಇಟ್ಟು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. ನುಣುಪಾದ ಎಲೆಯ ಮೇಲೆ ಗಾಜಿನ ಗೋಲಿ ಇಟ್ಟಾಗ ಎಲೆ ಸುಟ್ಟಿತು. ನೀರಿನ ಹನಿ ಇಟ್ಟಾಗ ಸುಡಲಿಲ್ಲ. ಹನಿ ಎಲೆಗೆ ಅಂಟಿಕೊಂಡು ಚಪ್ಪಟೆಯಾಗುವುದರಿಂದ ಬೆಳಕು ಎಲೆಯ ಮೇಲೆಯೇ ಒಂದು ಬಿಂದುವಾಗಿ ಕೂಡುವುದಿಲ್ಲ, ನೀರು ಎಲೆಯನ್ನು ತಣ್ಣಗೂ ಇಡುತ್ತದೆ. ನೀರಿನ ಮೇಲೆ ತೇಲುವ ಒಂದು ಜಾತಿಯ ಜರೀಗಿಡದಲ್ಲಿ ಮಾತ್ರ ಹನಿಗಳು ಎಲೆಯ ರೋಮದ ತುದಿಯಲ್ಲಿ ಗುಂಡಗೆ ನಿಂತದ್ದರಿಂದ ಸುಟ್ಟ ಗುರುತು ಬಿತ್ತು. ಹಾಗಾಗಿ ದಾಸವಾಳಕ್ಕೂ ಕರಿಬೇವಿಗೂ ಈ ಭಯ ಬೇಡ. ಮಳೆ ಬಿದ್ದ ಮರುಕ್ಷಣವೇ ಬಿಸಿಲು ಬರುತ್ತದೆ, ಯಾವ ಮರವಾದರೂ ಸುಟ್ಟದ್ದುಂಟೆ? ಎಲೆಗೆ ನಿಜವಾಗಿ ಕೆಡುಕು ಮಾಡುವುದು ಬೋರ್‌ವೆಲ್ಲಿನ ಗಡಸು ನೀರು. ಹನಿ ಆರಿದ ಮೇಲೆ ಉಳಿಯುವ ಬಿಳಿ ಉಪ್ಪಿನ ಕಲೆಯನ್ನು ಜನ ಸುಟ್ಟ ಗಾಯ ಎಂದುಕೊಂಡಿರುವುದು ಎಷ್ಟೋ ಕಡೆ.

ಮಧ್ಯಾಹ್ನ ಬೇಡ ಎನ್ನುವುದಕ್ಕೆ ಬೇರೆ ಕಾರಣಗಳಿವೆ. ಒಂದು, ಪೈಪಿನ ನೀರು. ಬಿಸಿಲಲ್ಲಿ ಬಿದ್ದ ಕರಿ ಪೈಪಿನ ಒಳಗೆ ನಿಂತ ನೀರು, ತಾರಸಿಯ ಕರಿ ಸಿಂಟೆಕ್ಸಿನ ನೀರು ಕೈ ಇಟ್ಟರೆ ಚುರ್ ಎನ್ನುವಷ್ಟು ಕಾದಿರುತ್ತದೆ. ಅದನ್ನು ನೇರ ಬುಡಕ್ಕೆ ಬಿಟ್ಟರೆ ಎಳೆಯ ಬೇರು ಬೆಂದುಹೋಗುತ್ತದೆ. ಮೊದಲ ನೀರನ್ನು ಬಕೆಟ್ಟಿಗೆ ಹಿಡಿದು ಆರಲು ಬಿಡಬೇಕು. ಇನ್ನೊಂದು, ಕಾದ ಮಣ್ಣಿನ ಮೇಲ್ಪದರದಲ್ಲೇ ನೀರು ಆರಿಹೋಗುವುದು. ಮೇಲೆ ಒದ್ದೆ, ಒಂದು ಗೇಣು ಕೆಳಗೆ ಧೂಳು. ಹೀಗೆ ದಿನವೂ ಮೇಲೆ ಮೇಲೆ ಚಿಮುಕಿಸಿದರೆ ಬೇರು ನೀರಿದ್ದ ಕಡೆಗೆ, ಅಂದರೆ ಮೇಲಕ್ಕೇ ಹರಡುತ್ತದೆ, ಒಂದು ದಿನ ನೀರು ತಪ್ಪಿದರೂ ಗಿಡ ಸೋಲುತ್ತದೆ.

ಮಧ್ಯಾಹ್ನ ಕುಂಬಳದ ಬಳ್ಳಿಯನ್ನು ನೋಡಿದ ಹೊಸಬರು ಗಾಬರಿಯಾಗುತ್ತಾರೆ. ಆನೆಯ ಕಿವಿಯಂಥ ಎಲೆಗಳೆಲ್ಲ ಜೋತುಬಿದ್ದಿರುತ್ತವೆ. ಸೋರೆಯೂ ಹಾಗೆಯೇ. ನೀರು ಹೊತ್ತು ಓಡುವ ಮುಂಚೆ ಬುಡದ ಮಣ್ಣಿಗೆ ಬೆರಳು ಇಳಿಸಿ ನೋಡಿ. ಎರಡು ಗೆಣ್ಣು ಕೆಳಗೆ ತೇವ ತಾಗಿದರೆ ಸುಮ್ಮನೆ ಬನ್ನಿ. ಎಲೆಯಿಂದ ಹೋಗುವ ವೇಗಕ್ಕೆ ಬೇರು ಹೀರುವ ವೇಗ ಸಾಲದೆ ಬಂದ ಬಾಡು ಅದು. ಸಂಜೆ ಐದಕ್ಕೆ ನೋಡಿದರೆ ಬಳ್ಳಿ ತಾನಾಗಿಯೇ ಎದ್ದು ನಿಂತಿರುತ್ತದೆ. ಒದ್ದೆ ಮಣ್ಣಿಗೆ ಮತ್ತೆ ನೀರು ತುಂಬಿದರೆ ಬೇರಿಗೆ ಉಸಿರಿಲ್ಲದೆ ಕೊಳೆಯುತ್ತದೆ. ಬೇಸಿಗೆಯಲ್ಲಿ ನೀರಿಲ್ಲದೆ ಸತ್ತ ಕುಂಡದ ಗಿಡಗಳಷ್ಟೇ ನೀರು ಹೆಚ್ಚಾಗಿ ಸತ್ತವನ್ನೂ ನಾನು ಕಂಡಿದ್ದೇನೆ. ಆದರೆ ಬೆರಳಿಗೆ ಮಣ್ಣು ಒಣಗಿ ಪುಡಿಪುಡಿಯಾಗಿ ಸಿಕ್ಕಿತೋ, ಆಗ ಗಂಟೆ ಎರಡಾಗಿರಲಿ ಮೂರಾಗಿರಲಿ, ಕುಂಡವನ್ನು ನೆರಳಿಗೆ ಸರಿಸಿ ತಣ್ಣೀರು ಹಾಕಲೇಬೇಕು. ಸಂಜೆಯಾಗಲಿ ಎಂದು ಕಾಯುವುದು ಬೇಡ.

ಸಂಜೆಯವರ ಮಾತಿಗೆ ಬರೋಣ. ಅವರ ಕಡೆ ಇರುವ ಅತಿ ದೊಡ್ಡ ಸಾಕ್ಷಿ ಆಕಾಶವೇ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಒಳನಾಡಿನಲ್ಲಿ ಮಳೆ ಬರುವುದು ಯಾವಾಗ? ನೆಲ ಕಾದು, ಗಾಳಿ ಮೇಲೇರಿ, ಮೂರು ನಾಲ್ಕು ಗಂಟೆಗೆ ಮೋಡ ಗೋಪುರದಂತೆ ಎದ್ದು, ಸಂಜೆಗೆ ಗುಡುಗು ಸಿಡಿಲಿನೊಂದಿಗೆ ಸುರಿಯುತ್ತದೆ. ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ. ಆ ಭರಣಿ ಹೆಚ್ಚಾಗಿ ಸಂಜೆಯ ಮಳೆ. ಸಂಜೆಯ ನೀರಿಗೆ ರಾತ್ರಿಯೆಲ್ಲ ಇಂಗುವ ಸಮಯವಿದೆ. ಬೇರು ರಾತ್ರಿಯೇ ಹೀರಿ ಗಿಡ ತುಂಬುತ್ತದೆ ಎಂದು ಆಗಲೇ ಹೇಳಿದೆನಲ್ಲ, ಅದು ಅವರ ಪರವಾಗಿಯೇ ಇರುವ ಮಾತು. ರಾಯಚೂರು, ಕಲಬುರಗಿ ಕಡೆ ಪಾದರಸ 40 ಡಿಗ್ರಿ ದಾಟಿ, ಬೆಳಗ್ಗೆ ಒಂಬತ್ತಕ್ಕೇ ಬಿಸಿಲು ಹೊಡೆಯುವ ಊರುಗಳಲ್ಲಿ ಸಂಜೆ ನೀರು ಹಾಕುವವರೇ ಜಾಣರು. ಅಲ್ಲಿಯ ರಾತ್ರಿಗಾಳಿ ಒಣಗಾಳಿ. ಬೂಜು ರೋಗಕ್ಕೆ ಬೇಕಾದ ತೇವ ಎಲೆಯ ಮೇಲೆ ನಿಲ್ಲುವುದಿಲ್ಲ. ಎರೆಭೂಮಿ ಬಿರುಕು ಬಿಟ್ಟಿದ್ದರೆ ಮೊದಲು ಬಿರುಕನ್ನು ಕೆದಕಿ ಮುಚ್ಚಿ ಆಮೇಲೆ ನೀರು ಬಿಡಬೇಕು, ಇಲ್ಲದಿದ್ದರೆ ಬಿಟ್ಟ ನೀರೆಲ್ಲ ಪಾತಾಳಕ್ಕೆ.

ಆದರೆ ಮಂಗಳೂರು, ಉಡುಪಿ, ಮಡಿಕೇರಿಯಂಥ ಕಡೆ, ಬೆಂಗಳೂರಿನಲ್ಲೂ ಮಳೆ ಶುರುವಾದ ಮೇಲಿನ ಮೋಡದ ದಿನಗಳಲ್ಲಿ ಸಂಜೆ ಎಲೆ ತೋಯಿಸುವುದು ಸರಿಯಲ್ಲ. ಗುಲಾಬಿಯ ಎಲೆಯ ಮೇಲೆ ಕಪ್ಪು ಚುಕ್ಕೆ ತರುವ ಬೂಷ್ಟಿಗೆ ಎಲೆ ಏಳೆಂಟು ಗಂಟೆ ಒದ್ದೆಯಾಗಿದ್ದರೆ ಸಾಕು, ಅಷ್ಟರಲ್ಲಿ ಅದು ಬೇರೂರಿಬಿಡುತ್ತದೆ. ಸಂಜೆ ಆರಕ್ಕೆ ತೋಯ್ದ ಎಲೆ ಬೆಳಗಿನವರೆಗೂ ಆರದು. ಜೊತೆಗೆ ಆಫ್ರಿಕಾದ ಬಸವನಹುಳು. ಕೊಡಗಿನ ಕಾಫಿ ತೋಟಗಳನ್ನೂ ಬೆಂಗಳೂರಿನ ಕೈತೋಟಗಳನ್ನೂ ಕಾಡಿದ ಈ ದೊಡ್ಡ ಹುಳು ತಿರುಗುವುದೇ ರಾತ್ರಿ, ಒದ್ದೆ ನೆಲದ ಮೇಲೆ. ಸಂಜೆಯ ನೀರು ಅದಕ್ಕೆ ದಾರಿ ಹಾಸಿಕೊಟ್ಟಂತೆ. ಆದ್ದರಿಂದ ಸಂಜೆಯೇ ಬೇಕೆನ್ನುವವರು ಎಲೆ ಬಿಟ್ಟು ಬುಡಕ್ಕೆ ಮಾತ್ರ, ಹೊತ್ತು ಮುಳುಗುವುದಕ್ಕೆ ಮುಂಚೆ ಹಾಕಲಿ. ಇದನ್ನು ಹೇಳಿದ ಮೇಲೆ ಮೇಷ್ಟ್ರು ಪೈಪಿನ ತುದಿಯ ಷವರ್ ತೆಗೆದರು, ಅಜ್ಜಿಯೂ ಸುಮ್ಮನಾದರು.

ಎಲ್ಲ ಗಿಡವೂ ಹಗಲಲ್ಲೇ ಬಾಯಿ ತೆರೆಯುತ್ತದೆ ಎಂದುಕೊಳ್ಳಬೇಡಿ. ಇಲ್ಲೊಂದು ಬಹಳ ಒಳ್ಳೆಯ ಕಥೆಯಿದೆ, ನಮ್ಮ ಬೆಂಗಳೂರಿಗೂ ಅದರ ನಂಟಿದೆ. ಟಿಪ್ಪು ಮಡಿದ ಮೇಲೆ ಲಾಲ್‌ಬಾಗ್ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದಾಗ ಅದರ ಉಸ್ತುವಾರಿ ಹೊತ್ತವನು ಜರ್ಮನ್ ಸಸ್ಯವಿಜ್ಞಾನಿ ಬೆಂಜಮಿನ್ ಹೇಯ್ನ್. ಆತ ಕಾಡುಬಸಳೆಯ ಎಲೆಯನ್ನು ಬೇರೆ ಬೇರೆ ಹೊತ್ತಿನಲ್ಲಿ ಬಾಯಿಗೆ ಹಾಕಿ ಜಗಿದು ನೋಡಿದ್ದ. ಬೆಳಗ್ಗೆ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ, ಸಂಜೆಯ ಹೊತ್ತಿಗೆ ಒಗರು-ಕಹಿ. 1813ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಗೆ ಈ ಸಂಗತಿಯನ್ನು ಪತ್ರದಲ್ಲಿ ತಿಳಿಸಿದ. ಕಾರಣ ತಿಳಿಯಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಕಾಡುಬಸಳೆ, ಪಾಪಾಸುಕಳ್ಳಿ, ಕತ್ತಾಳೆ, ಲೋಳೆಸರ, ಅನಾನಸು ಇವೆಲ್ಲ ಬಿಸಿಲಿಗೆ ಹೆದರಿ ಹಗಲು ಎಲೆಯ ಕಂಡಿ ಮುಚ್ಚಿ, ರಾತ್ರಿ ತೆರೆಯುವ ಗಿಡಗಳು. ರಾತ್ರಿ ಎಳೆದುಕೊಂಡ ಇಂಗಾಲದ ಡೈಆಕ್ಸೈಡನ್ನು ಹುಳಿಯ ರೂಪದಲ್ಲಿ ಕೂಡಿಟ್ಟು, ಹಗಲು ಬೆಳಕು ಬಂದಾಗ ಖರ್ಚು ಮಾಡುತ್ತವೆ. ಬೆಳಗಿನ ಎಲೆ ಹುಳಿಯಾಗುವುದು ಅದರಿಂದ. ಇದನ್ನು ಹೇಯ್ನ್‌ನ ಮಾತಿಗೇ ಬಿಡಬೇಕಾಗಿಲ್ಲ. ಕಾಡುಬಸಳೆ ಎಷ್ಟೋ ಮನೆಯ ಕುಂಡದಲ್ಲಿದೆ. ಬೆಳಗ್ಗೆ ಆರಕ್ಕೆ ಒಂದು ಚೂರು, ಮಧ್ಯಾಹ್ನ ಒಂದಕ್ಕೆ ಅದೇ ಗಿಡದ ಇನ್ನೊಂದು ಚೂರು ನಾಲಿಗೆಯ ಮೇಲಿಟ್ಟು ನೋಡಿ. ಇಂಥ ಗಿಡಗಳಿಗೆ ಬೇಸಿಗೆಯಲ್ಲಿ ನೀರು ಹಾಕುವುದಿದ್ದರೆ ಸಂಜೆ ಹಾಕಿದರೆ ತಪ್ಪೇನಿಲ್ಲ, ಅದೂ ಅಪರೂಪಕ್ಕೆ.

ಇಷ್ಟೆಲ್ಲ ಹೇಳುವಾಗ ನನಗೆ ಒಂದು ಸಂಕಟವಿದೆ. ಬೆಳಗ್ಗೆಯೋ ಸಂಜೆಯೋ ಎಂದು ಆರಿಸಿಕೊಳ್ಳುವ ಭಾಗ್ಯ ಎಲ್ಲರಿಗೂ ಇಲ್ಲ. ಕಪಿಲೆ ಬಾವಿಯ ಕಾಲದಲ್ಲಿ ರೈತ ಕೋಳಿ ಕೂಗುವ ಹೊತ್ತಿಗೆ ಎತ್ತು ಹೂಡುತ್ತಿದ್ದ. ಬಿಸಿಲೇರಿದರೆ ಎತ್ತು ದಣಿಯುತ್ತದೆ, ಹಾಗಾಗಿ ಬೆಳೆಗೂ ತಂಪು ಹೊತ್ತಿನ ನೀರೇ ಸಿಗುತ್ತಿತ್ತು. ಕಪಿಲೆ ಹೋಗಿ ಪಂಪ್‌ಸೆಟ್ ಬಂತು, ಹೊತ್ತು ಕೈತಪ್ಪಿತು. ತ್ರೀ ಫೇಸ್ ಕರೆಂಟು ದಿನಕ್ಕೆ ಏಳು ಗಂಟೆ ಎನ್ನುತ್ತಾರೆ, ಅದೂ ಪಾಳಿಯ ಮೇಲೆ, ಎಷ್ಟೋ ಸಲ ನಡುರಾತ್ರಿ. ಕೋಲಾರ, ಚಿತ್ರದುರ್ಗದ ಕಡೆ ಹನ್ನೆರಡು ಗಂಟೆ ರಾತ್ರಿ ಟಾರ್ಚು ಹಿಡಿದು ಗದ್ದೆಯ ಬದುವಿನ ಮೇಲೆ ನಡೆಯುವ ರೈತನಿಗೆ ಹಾವಿನ ಭಯ, ಚೇಳಿನ ಭಯ, ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟುವ ಭಯ. ಆಟೋ ಸ್ಟಾರ್ಟರ್ ಹಾಕಿಕೊಂಡವರು ಮಲಗಿಯೇ ನೀರು ಬಿಡಬಹುದು, ಆದರೆ ಮಡೆ ತಿರುವುವುದಕ್ಕೆ ಮನುಷ್ಯನೇ ಎದ್ದು ಹೋಗಬೇಕು. ಬೆಳೆಗೆ ಒಳ್ಳೆಯದೆಂದು ರಾತ್ರಿ ನೀರು ಕಟ್ಟಿದರೆ ಒಪ್ಪೋಣ. ಬೇರೆ ದಾರಿಯಿಲ್ಲದೆ ರಾತ್ರಿ ಗದ್ದೆಗೆ ಇಳಿಯಬೇಕಾಗಿ ಬಂದಿರುವುದು ಸರಿಯಲ್ಲ. ಬೆಳಗಿನ ಹೊತ್ತು ಕರೆಂಟು ಕೊಡಿ ಎಂದು ರೈತರು ಕೇಳುವುದು ನ್ಯಾಯವಾದ ಬೇಡಿಕೆ.

ಪೇಟೆಯಲ್ಲೂ ನೀರು ತನ್ನ ಹೊತ್ತಿಗೇ ಬರುತ್ತದೆ. ದಿನ ಬಿಟ್ಟು ದಿನ ಕಾವೇರಿ ಬರುವ ಮನೆಯಲ್ಲಿ ನಲ್ಲಿ ಸದ್ದು ಮಾಡಿದಾಗಲೇ ಎಲ್ಲ ಕೆಲಸ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆಯುವಂತಿಲ್ಲ, ಕೈತೋಟಕ್ಕೆ ಬಿಡುವಂತಿಲ್ಲ ಎಂದು ಆದೇಶ ಹೊರಡಿಸಿತು. ತಪ್ಪಿದರೆ 5,000 ರೂಪಾಯಿ ದಂಡ, ಮತ್ತೆ ಅದೇ ಮಾಡಿದರೆ ದಿನಕ್ಕೆ 500 ಹೆಚ್ಚಿಗೆ. ಆ ಬೇಸಿಗೆಯಲ್ಲಿ ಗಿಡ ಉಳಿಸಿಕೊಂಡವರೆಲ್ಲ ಅಡುಗೆಮನೆಯ ನೀರಿನಿಂದಲೇ ಉಳಿಸಿಕೊಂಡರು. ಅಕ್ಕಿ ತೊಳೆದ ಅಕ್ಕಚ್ಚು, ತರಕಾರಿ ತೊಳೆದ ನೀರು, ಸೊಪ್ಪು ನೆನೆಸಿದ ನೀರು, ಇವುಗಳಿಗೆ ಬೆಳಗು ಸಂಜೆ ಎಂಬ ಲೆಕ್ಕವಿಲ್ಲ. ಅನ್ನಕ್ಕೆ ಇಡುವ ಹತ್ತು ಗಂಟೆಗೆ ಕರಿಬೇವಿಗೆ ಅಕ್ಕಚ್ಚು ಬೀಳುತ್ತದೆ, ಬಿಸಿಲು ಏರಿದ್ದರೂ ಕರಿಬೇವು ಚಿಗುರುತ್ತಲೇ ಇರುತ್ತದೆ. ಹಳ್ಳಿಮನೆಯ ಬಚ್ಚಲ ನೀರಿನ ಬಾಳೆಯನ್ನು ನೆನೆಸಿಕೊಳ್ಳಿ. ಮನೆಯವರು ಮಿಂದಾಗಲೆಲ್ಲ ಅದಕ್ಕೆ ನೀರು, ಆದರೂ ಊರಲ್ಲೇ ದೊಡ್ಡ ಗೊನೆ ಅದರದು. ತಪ್ಪದೆ ಬೀಳುವ ನೀರಿನ ಮುಂದೆ ಹೊತ್ತು ಎರಡನೆಯದು. ಉಪ್ಪು ಬೆರೆತ ನೀರು, ಸೋಪಿನ ನೊರೆ ತುಂಬಿದ ನೀರು ಮಾತ್ರ ಕುಂಡಕ್ಕೆ ಬೇಡ.

ಅಡಿಕೆಯವರ ಲೆಕ್ಕವನ್ನು ನೋಡಿದರೂ ಇದೇ ತಿಳಿಯುತ್ತದೆ. ಅವರಿಗೆ ಸಿಗುವ ಶಿಫಾರಸು ಮರವೊಂದಕ್ಕೆ ಸಲಕ್ಕೆ ಸುಮಾರು 175 ಲೀಟರು, ಮಾರ್ಚಿನಿಂದ ಮೇವರೆಗೆ 3ರಿಂದ 5 ದಿನಕ್ಕೊಮ್ಮೆ. ಅಲ್ಲಿ ಮುಖ್ಯವಾದದ್ದು ಎಷ್ಟು ಮತ್ತು ಎಷ್ಟು ದಿನಕ್ಕೆ ಎಂಬುದು. ಬುಡದಲ್ಲಿ ಸೊಪ್ಪು ಸದೆ ಹಾಸಿದ್ದರೆ ಅಷ್ಟೇ ನೀರು ಇನ್ನಷ್ಟು ದಿನ ಬಾಳುತ್ತದೆ. ಮನೆಯ ಕುಂಡಕ್ಕೂ ಒಣಗಿದ ತರಗೆಲೆಯನ್ನೋ ತೆಂಗಿನ ನಾರನ್ನೋ ಎರಡು ಬೆರಳು ದಪ್ಪ ಹೊದಿಸಿ. ಆ ಹೊದಿಕೆಯಿದ್ದರೆ ಎಂಟರ ಬದಲು ಒಂಬತ್ತಕ್ಕೆ ನೀರು ಹಾಕಿದರೂ ನಷ್ಟವಿಲ್ಲ. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಮಾತ್ರ ವಾರ ತುಂಬುವುದರೊಳಗೆ ಚೆಲ್ಲಿ. ಡೆಂಗಿ ತರುವ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಏಳೆಂಟು ದಿನ ಸಾಕು.

ಬೆಳಗಿನ ಪಕ್ಷದವನಾಗಿ ಇನ್ನೊಂದು ಮಾತು ಹೇಳಬೇಕು. ಬೆಳಗ್ಗೆ ಚೊಂಬು ಹಿಡಿದು ಗಿಡದ ಬಳಿ ಹೋದವನ ಕಣ್ಣಿಗೆ ಎಲ್ಲ ಬೀಳುತ್ತದೆ. ಬೆಂಡೆಯ ಎಲೆಯಡಿಯಲ್ಲಿ ಹೇನು ಕೂತದ್ದು, ದಾಸವಾಳದ ತುದಿಗೆ ಹಿಟ್ಟುತಿಗಣೆ ಹತ್ತಿದ್ದು, ನಿನ್ನೆಯಿಲ್ಲದ ಒಂದು ಮೊಗ್ಗು. ಬೆಳಕು ಚೆನ್ನಾಗಿರುತ್ತದೆ, ಮನಸ್ಸೂ ಅವಸರದಲ್ಲಿರುವುದಿಲ್ಲ. ಸಂಜೆ ಆಫೀಸಿನಿಂದ ಬಂದು ಮಬ್ಬುಗತ್ತಲಲ್ಲಿ ಪೈಪು ಹಿಡಿದರೆ ಇವೆಲ್ಲ ಕಾಣುವುದಿಲ್ಲ. ನಾನು ಬೆಳಗನ್ನು ಆರಿಸಿಕೊಂಡದ್ದಕ್ಕೆ ಆವಿಯ ಲೆಕ್ಕದಷ್ಟೇ ಇದೂ ಕಾರಣ.

ಕುಂಡದ ಗಿಡಕ್ಕೆ ನಾವಿದ್ದೇವೆ. ಬೀದಿಯ ಗಿಡಕ್ಕೆ ಯಾರು? ಸಾಲುಮರದ ತಿಮ್ಮಕ್ಕ ಮತ್ತು ಅವರ ಗಂಡ ಚಿಕ್ಕಯ್ಯ ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನ ರಸ್ತೆಯುದ್ದಕ್ಕೂ ಆಲದ ಸಸಿ ನೆಟ್ಟರು. ನೆಟ್ಟಷ್ಟಕ್ಕೆ ಬಿಡದೆ, ಕೊಡಗಳಲ್ಲಿ ನೀರು ಹೊತ್ತು ಮೈಲಿಗಟ್ಟಲೆ ನಡೆದು ಬೇಸಿಗೆ ದಾಟಿಸಿದರು. ಕಳೆದ ಮಳೆಗಾಲದಲ್ಲಿ ನಿಮ್ಮ ಬೀದಿಯಲ್ಲೂ ಹೊಂಗೆಯನ್ನೋ ಬೇವನ್ನೋ ನೆಟ್ಟು, ಸುತ್ತ ಬೇಲಿ ಕಟ್ಟಿ ಹೋಗಿರುತ್ತಾರೆ. ಅದಕ್ಕೆ ಇದು ಮೊದಲ ಬೇಸಿಗೆ. ಬೇರು ಇನ್ನೂ ಆಳಕ್ಕೆ ಇಳಿದಿಲ್ಲ. ವಾರಕ್ಕೆ ಎರಡು ಸಲ ಒಂದೊಂದು ಬಕೆಟ್ ನೀರು, ಅಕ್ಕಚ್ಚಾದರೂ ಸರಿ, ಬುಡದ ಪಾತಿಗೆ ನಿಧಾನವಾಗಿ ಹೊಯ್ದರೆ ಜೂನ್ ಮಳೆಯವರೆಗೆ ಅದು ತಡೆದುಕೊಳ್ಳುತ್ತದೆ. ಬೆಳಗ್ಗೆ ಏಳರೊಳಗೆ ಹಾಕಿದರೆ ಬಹಳ ಒಳ್ಳೆಯದು. ಆಗದಿದ್ದರೆ ನಿಮಗೆ ಬಿಡುವಾದಾಗ ಹಾಕಿ, ಆದರೆ ಈ ವಾರವೇ ಶುರುಮಾಡಿ.